ಹೋಳಿನಲ್ಲಿ ಕಾಣಬೇಕಾದ ಗೆರೆ: ಮನೆಯಲ್ಲಿ ನಾಲ್ಕು ಪದರದ ಮಾರ್ಬಲ್ ಕೇಕ್

ಚಾಕೊಲೇಟ್ ಹಿಟ್ಟೂ ವೆನಿಲ್ಲಾ ಹಿಟ್ಟೂ ಅಮೃತಶಿಲೆಯ ಗೆರೆಗಳಂತೆ ಕೂಡಿರುವ ಮಾರ್ಬಲ್ ಕೇಕಿನ ಅಂದವೆಲ್ಲ ಇರುವುದು ಹೋಳಿನಲ್ಲಿ. ಉದ್ದನೆಯ ಬ್ರೆಡ್ ಟಿನ್ನಿನಲ್ಲಿ ಬೇಯಿಸಿ ಹಾಗೆಯೇ ಮೇಜಿಗೆ ತರುವ ಕೇಕಾದರೆ ಮೇಲಿನ ಸುಳಿಗಳೂ ಕಾಣುತ್ತವೆ. ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಸುತ್ತಲೂ ಕ್ರೀಮ್ ಬಳಿದು ಮುಚ್ಚುವ ಕೇಕಿನಲ್ಲಿ ಆ ಸುಳಿ ಯಾರ ಕಣ್ಣಿಗೂ ಬೀಳುವುದಿಲ್ಲ. ಚಾಕು ನೇರವಾಗಿ ಕೆಳಗಿಳಿದಾಗ ತೆರೆದುಕೊಳ್ಳುವ ಮುಖದಲ್ಲಿ ಕಪ್ಪು ಬಿಳುಪು ಬೇರೆ ಬೇರೆಯಾಗಿ, ಚೂಪಾದ ಅಂಚಿನೊಂದಿಗೆ ನಿಂತಿರಬೇಕು. ನಾನು ನೋಡಿದ ಬಹುಪಾಲು ವಿಧಾನಗಳು ಹಿಟ್ಟಿನ ಮೇಲ್ಮೈಯಲ್ಲಿ ಕಡ್ಡಿ ಆಡಿಸುವುದರಲ್ಲಿ ಮುಗಿಯುತ್ತವೆ. ಈ ಕೇಕನ್ನು ನಾನು ಹೋಳಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಕಟ್ಟಿದ್ದೇನೆ.

ಅಕ್ಕನ ಮಗಳ ಹುಟ್ಟುಹಬ್ಬಕ್ಕೆಂದು ಮಾಡಿದ್ದು. ಚಾಕೊಲೇಟೋ ವೆನಿಲ್ಲಾವೋ ಎಂದು ಕೇಳಿದ್ದಕ್ಕೆ ಅವಳು, "ಮಾಮ, ಎರಡೂ ಇರಲಿ, ಆದರೆ ಎರಡೂ ಗೊತ್ತಾಗಬೇಕು" ಎಂದಳು. ಅವಳ ಎರಡನೆಯ ಮಾತೇ ಇಡೀ ಕೆಲಸದ ನಕ್ಷೆಯಾಯಿತು. ನಾನು ಪೀಣ್ಯದ ಟೂಲ್‌ರೂಮಿನಲ್ಲಿ, ಅಂದರೆ ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣಗಳನ್ನು ಮಾಡುವ ಕಾರ್ಯಾಗಾರದಲ್ಲಿ, ದುಡಿದವನು. ಅಳೆಯದೆ ಒಂದು ವಸ್ತುವನ್ನು ಮಾಡಲು ನನ್ನ ಕೈ ಒಪ್ಪುವುದಿಲ್ಲ, ಆದ್ದರಿಂದ ಈ ಬರಹದಲ್ಲಿ ಗ್ರಾಂ, ಡಿಗ್ರಿ, ಮಿಲಿಮೀಟರ್ ಹೆಚ್ಚು. ಇಷ್ಟು ಕಪ್, ಇಷ್ಟು ಲೋಟ ಎಂಬ ಅಳತೆ ಎಲ್ಲಿಯೂ ಇಲ್ಲ.

ಮೊದಲು ಓವನ್

ಮನೆಯಲ್ಲಿರುವುದು 28 ಲೀಟರಿನ ಒಟಿಜಿ, ಅಂದರೆ ಮೇಜಿನ ಮೇಲಿಡುವ ವಿದ್ಯುತ್ ಓವನ್. ಇದರ ಗುಂಡಿ 180 ಎಂದು ತೋರಿಸಿದ ಮಾತ್ರಕ್ಕೆ ಒಳಗೆ 180 ಇರುತ್ತದೆ ಎಂದು ನಂಬಬಾರದು. ಎಸ್.ಪಿ. ರಸ್ತೆಯಲ್ಲಿ ಕೊಂಡ ಮಲ್ಟಿಮೀಟರಿಗೆ ಉಷ್ಣತೆ ಅಳೆಯುವ ಕೆ ಮಾದರಿಯ ಥರ್ಮೊಕಪಲ್ ತಂತಿ ಜೋಡಿಸಿ, ಬಾಗಿಲ ಸಂದಿಯಿಂದ ಒಳಗೆ ಬಿಟ್ಟು, ಟಿನ್ ಕೂರುವ ಎತ್ತರದಲ್ಲಿ ತುದಿಯನ್ನು ನಿಲ್ಲಿಸಿದೆ.

ಅಳೆಯುವ ಮುನ್ನ ಮೀಟರನ್ನೇ ಪರೀಕ್ಷಿಸಬೇಕು. ತಂತಿಯ ತುದಿಯನ್ನು ಕುದಿಯುವ ನೀರಿಗೆ ಅದ್ದಿದಾಗ 97 ತೋರಿಸಿತು. ಇದನ್ನು ಕಂಡು ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸರಿಸುಮಾರು 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುವುದರಿಂದ ನಮ್ಮ ಊರಿನಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಕೇಕಿಗೂ ಇದರಿಂದ ವ್ಯತ್ಯಾಸವಾಗುತ್ತದೆ. ಗಾಳಿಯ ಒತ್ತಡ ಕಡಿಮೆಯಿದ್ದಲ್ಲಿ ಹಿಟ್ಟಿನೊಳಗಿನ ಅನಿಲ ಹೆಚ್ಚು ಹಿಗ್ಗುತ್ತದೆ. ಮೈದಾದ ಪಿಷ್ಟವೂ ಮೊಟ್ಟೆಯೂ ಗಟ್ಟಿಯಾಗಿ ಗೋಡೆ ಕಟ್ಟಿಕೊಳ್ಳುವ ಮೊದಲೇ ಗುಳ್ಳೆಗಳು ಒಡೆದರೆ ಕೇಕ್ ಉಬ್ಬಿ ನಡುವೆ ಕುಸಿಯುತ್ತದೆ. 920 ಮೀಟರ್ ಎಂಬುದು ಬೆಟ್ಟದ ಊರಿನ ಎತ್ತರವೇನಲ್ಲ, ಆದರೂ ಬೇಕಿಂಗ್ ಪೌಡರನ್ನು ಒಂದಿಷ್ಟು ಇಳಿಸಲು ಅಷ್ಟು ಸಾಕು. ಹೊರದೇಶದ ಪಾಕವಿಧಾನದಲ್ಲಿ 6 ಗ್ರಾಂ ಇದ್ದಲ್ಲಿ ನಾನು 5 ಹಾಕುತ್ತೇನೆ.

ಓವನ್ನಿನ ಫಲಿತಾಂಶ ಹೀಗಿತ್ತು: ಗುಂಡಿಯನ್ನು 180ಕ್ಕೆ ಇಟ್ಟರೆ ಒಳಗಿನ ಉಷ್ಣತೆ 165ಕ್ಕೂ 205ಕ್ಕೂ ನಡುವೆ ಏರಿಳಿಯುತ್ತದೆ. ಕಾಯಿಲ್ ಉರಿಯುವಾಗ ಏರುತ್ತದೆ, ಆರಿದಾಗ ಇಳಿಯುತ್ತದೆ. ಹಿಂಬದಿಯ ಎಡ ಮೂಲೆ ಉಳಿದ ಕಡೆಗಿಂತ ಬಿಸಿ. ಗುಂಡಿಯನ್ನು 165ರ ಗುರುತಿಗೆ ತಂದಾಗ ಸರಾಸರಿ 170 ಸಿಕ್ಕಿತು. ನನಗೆ ಬೇಕಾದದ್ದು ಅದೇ. ಒಳಗೆ ಒಂದು ದಪ್ಪ ಗ್ರಾನೈಟ್ ತುಂಡನ್ನು ಕೆಳಗಿನ ತಟ್ಟೆಯ ಮೇಲೆ ಇಟ್ಟು ಅರ್ಧ ಗಂಟೆ ಕಾಯಿಸಿದರೆ ಏರಿಳಿತ ಕಡಿಮೆಯಾಗುತ್ತದೆ. ಕಲ್ಲು ಬಿಸಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಕಲ್ಲು ಪೂರ್ತಿ ಒಣಗಿರಬೇಕು, ಮೊದಲ ಸಲ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು.

ಸಾಮಗ್ರಿ

ಈ ಒಟಿಜಿಯಲ್ಲಿ 20 ಸೆಂ.ಮೀ. ಅಗಲದ ಒಂದೇ ಟಿನ್ ಹಿಡಿಯುತ್ತದೆ. ಎರಡು ಟಿನ್ನಿನ ಹಿಟ್ಟನ್ನು ಒಟ್ಟಿಗೆ ಕಲಸಿದರೆ ಎರಡನೆಯದು ಮುಕ್ಕಾಲು ಗಂಟೆ ಕಾಯಬೇಕು. ಒದ್ದೆಯಾದ ಕ್ಷಣದಿಂದಲೇ ಬೇಕಿಂಗ್ ಪೌಡರ್ ಕೆಲಸ ಆರಂಭಿಸುವುದರಿಂದ ಕಾದ ಹಿಟ್ಟು ಅಷ್ಟು ಉಬ್ಬುವುದಿಲ್ಲ. ಆದ್ದರಿಂದ ಒಂದು ಟಿನ್ನಿಗೆ ಆಗುವಷ್ಟನ್ನು ಒಂದು ಸಲ, ಅದು ಬೆಂದ ಮೇಲೆ ಇನ್ನೊಂದಕ್ಕೆ ಇನ್ನೊಂದು ಸಲ ಕಲಸಿದೆ. ಒಂದು ಟಿನ್ನಿನ ಅಳತೆ ಇದು: ಮೈದಾ 135 ಗ್ರಾಂ, ಕಾರ್ನ್‌ಫ್ಲೋರ್ 15, ಪುಡಿ ಮಾಡಿದ ಸಕ್ಕರೆ 145, ಉಪ್ಪಿಲ್ಲದ ಬೆಣ್ಣೆ 112, ಒಡೆದು ತೂಗಿದ ಮೊಟ್ಟೆ 100, ಹಾಲು 120, ಬೇಕಿಂಗ್ ಪೌಡರ್ 5, ಉಪ್ಪು 2. ಕಪ್ಪು ಭಾಗಕ್ಕೆ ಪ್ರತ್ಯೇಕವಾಗಿ ಕೋಕೊ ಪುಡಿ 15 ಗ್ರಾಂ, ಬಿಸಿ ನೀರು 30, ಸಕ್ಕರೆ 8 ಮತ್ತು ಒಂದು ಚಿಟಿಕೆ ಅಡುಗೆ ಸೋಡ.

ಮೊಟ್ಟೆಯನ್ನು ಎಣಿಸಿ ಹಾಕಬೇಡಿ, ತೂಗಿ ಹಾಕಿ. ನಮ್ಮ ಅಂಗಡಿಗಳಲ್ಲಿ ಸಿಗುವ ಮೊಟ್ಟೆ ಒಂದೊಂದು ಒಂದೊಂದು ಗಾತ್ರ. ಎರಡು ಮೊಟ್ಟೆ ಎಂದು ಬರೆದಲ್ಲಿ 85 ಗ್ರಾಂ ಸಿಗಬಹುದು, 105 ಕೂಡ ಸಿಗಬಹುದು. ಸಕ್ಕರೆಯ ಹರಳು ದಪ್ಪವಾಗಿರುವುದರಿಂದ ಬೆಣ್ಣೆಯಲ್ಲಿ ಬೇಗ ಕರಗುವುದಿಲ್ಲ, ಮಿಕ್ಸಿಯಲ್ಲಿ ತಿರುವಿ ಜರಡಿ ಹಿಡಿಯಬೇಕು. ಕಾರ್ನ್‌ಫ್ಲೋರ್ ಸೇರಿಸುವುದು ಮೈದಾದ ಅಂಟಿನ ಅಂಶವನ್ನು ತಗ್ಗಿಸಲು. ಬೆಣ್ಣೆಗೆ ನಂದಿನಿಯ ಉಪ್ಪಿಲ್ಲದ ಬೆಣ್ಣೆ ಬಳಸಿದೆ. ಬ್ರೆಡ್ಡಿಗೆ ಹಚ್ಚುವ ಉಪ್ಪಿನ ಬೆಣ್ಣೆಯನ್ನು ಕೇಕಿಗೆ ಹಾಕಬಹುದು, ಆದರೆ ಈ ಕೇಕಿನ ಹೊರಮೈಗೆ ಬೇಕಾದ ಕ್ರೀಮಿನಲ್ಲಿ ಅದರ ಉಪ್ಪು ಎದ್ದು ಕಾಣುತ್ತದೆ.

ಎರಡು ರುಚಿಗಳೂ ನಮ್ಮ ರಾಜ್ಯದಲ್ಲಿಯೇ ಬೆಳೆಯುವಂಥವು ಎಂಬುದು ನನಗೆ ಬಹಳ ಸಂತೋಷದ ವಿಷಯ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೊ ಉಪಬೆಳೆ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ರೈತರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಆಮೇಲೆ ಕೋಕೊವನ್ನೂ ಕೊಳ್ಳತೊಡಗಿ, 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ವೆನಿಲ್ಲಾ ಕೋಡುಗಳನ್ನು ಶಿರಸಿಯ ಕಡೆಯ ಸ್ನೇಹಿತರೊಬ್ಬರು ಕಳಿಸಿಕೊಟ್ಟರು. ಮೆಕ್ಸಿಕೊ ಮೂಲದ ಈ ಬಳ್ಳಿಗೆ ಇಲ್ಲಿ ಪರಾಗಸ್ಪರ್ಶ ಮಾಡಿಸುವ ದುಂಬಿಯಿಲ್ಲ. ಒಂದೇ ಬೆಳಗ್ಗೆ ಅರಳಿ ಬಾಡುವ ಒಂದೊಂದು ಹೂವನ್ನೂ ತೋಟದವರು ಕಡ್ಡಿ ಹಿಡಿದು ಕೈಯಾರೆ ಕೂಡಿಸಬೇಕು. ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹುಡುಗ 1841ರಲ್ಲಿ ತೋರಿಸಿಕೊಟ್ಟ ಉಪಾಯ ಅದು, ಇಂದಿಗೂ ಅದೇ ನಡೆದಿದೆ. ಕೊಯ್ದ ಮೇಲೆಯೂ ಕೋಡಿಗೆ ಪರಿಮಳ ಬರಲು ತಿಂಗಳುಗಟ್ಟಲೆ ಬಿಸಿಲು, ಬೆವರು, ನೆರಳುಗಳ ಹದ ಬೇಕು. ಇಷ್ಟು ಕೆಲಸ ಕಂಡ ಕೋಡನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಕಾಳನ್ನು ಚಾಕುವಿನ ಬೆನ್ನಿನಿಂದ ಕೆರೆದು ಬೆಣ್ಣೆಗೇ ಸೇರಿಸಿದೆ. ವೆನಿಲ್ಲಾದ ಪರಿಮಳವನ್ನು ಕೊಬ್ಬು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಸಿಪ್ಪೆಯನ್ನು ಹಾಲಿನಲ್ಲಿ ಹಾಕಿ ಬಿಸಿ ಮಾಡಿ ಆರಲು ಬಿಟ್ಟೆ.

ಎರಡು ಹಿಟ್ಟು, ಒಂದೇ ಹದ

ಕೆಲಸದ ಜೀವಾಳ ಇಲ್ಲಿದೆ. ಕಪ್ಪು ಹಿಟ್ಟೂ ಬಿಳಿ ಹಿಟ್ಟೂ ಒಂದೇ ವೇಗದಲ್ಲಿ ಹರಿಯಬೇಕು. ಒಂದು ಗಟ್ಟಿ, ಇನ್ನೊಂದು ತೆಳು ಆದರೆ ಗಟ್ಟಿಯದು ಉಂಡೆಯಾಗಿ ತಳಕ್ಕಿಳಿಯುತ್ತದೆ, ತೆಳುವಾದದ್ದು ಅದರ ಸುತ್ತ ಹರಿದು ಮೇಲೇರುತ್ತದೆ. ಬೆಂದಾಗ ಎರಡು ಬಣ್ಣದ ಎರಡು ಪಟ್ಟಿ ಸಿಗುತ್ತದೆಯೇ ಹೊರತು ಗೆರೆ ಸಿಗುವುದಿಲ್ಲ.

ಕೋಕೊ ಪುಡಿ ಬಹಳ ನೀರು ಕುಡಿಯುತ್ತದೆ. ಇದನ್ನು ಕಣ್ಣಾರೆ ನೋಡಲು ಸಣ್ಣ ಮಫಿನ್ ಅಚ್ಚುಗಳಲ್ಲಿ ಹೋಲಿಕೆ ಮಾಡಿದೆ. ಒಂದಕ್ಕೆ ಒಣ ಕೋಕೊ ಪುಡಿಯನ್ನು ನೇರವಾಗಿ ಜರಡಿ ಹಿಡಿದು ಕಲಸಿದ ಹಿಟ್ಟು, ಇನ್ನೊಂದಕ್ಕೆ ಬಿಸಿ ನೀರಿನಲ್ಲಿ ಕೋಕೊ ಕಲಸಿ ಆರಿಸಿ ಸೇರಿಸಿದ ಹಿಟ್ಟು. ಮೊದಲನೆಯದು ಬೆಂದು ಒಣಕಲಾಗಿ, ಬಿಳಿಯ ಭಾಗದಿಂದ ಬಿಟ್ಟುಕೊಂಡು ಬಿರುಕು ತೋರಿಸಿತು. ಎರಡನೆಯದು ಬಿಳಿಯ ಜೊತೆ ಬೆಸೆದುಕೊಂಡಿತ್ತು, ಬಣ್ಣವೂ ಇನ್ನಷ್ಟು ಗಾಢ, ರುಚಿಯೂ ಹೆಚ್ಚು. ಬಿಸಿ ನೀರು ಸುರಿದ ಕೂಡಲೇ ಅಡುಗೆಮನೆಯೆಲ್ಲ ಹರಡುವ ಆ ಘಮವೇ ಸಾಕು, ಈ ಹೆಜ್ಜೆಯನ್ನು ಬಿಡಬಾರದೆಂದು ತಿಳಿಯಲು.

ಕೋಕೊ ಪುಡಿಯಲ್ಲಿ ಎರಡು ಬಗೆ. ಸಹಜವಾದದ್ದು ನಸುಗೆಂಪು, ತುಸು ಹುಳಿ. ಕ್ಷಾರದಿಂದ ಸಂಸ್ಕರಿಸಿದ್ದು ಕಡು ಕಂದು, ಹುಳಿ ಇರುವುದಿಲ್ಲ. ಡಚ್ ಕೋಕೊ ಎಂದು ಮಾರುವುದು ಈ ಎರಡನೆಯದನ್ನು. ಸಹಜ ಕೋಕೊ ಬಳಸಿದರೆ ಮಾತ್ರ ಆ ಚಿಟಿಕೆ ಸೋಡ ಬೇಕು. ಹುಳಿಯೂ ಸೋಡವೂ ಕೂಡಿ ಸರಿಹೋಗುತ್ತವೆ. ಡಚ್ ಕೋಕೊಗೆ ಸೋಡ ಹಾಕಿದರೆ ಸಾಬೂನಿನ ರುಚಿ ಉಳಿಯುತ್ತದೆ. ಡಬ್ಬಿಯ ಮೇಲಿನ ಸಾಮಗ್ರಿಗಳ ಪಟ್ಟಿಯಲ್ಲಿ ಆಮ್ಲತೆ ನಿಯಂತ್ರಕ ಎಂದಿದ್ದರೆ ಅದು ಸಂಸ್ಕರಿಸಿದ್ದು ಎಂದು ತಿಳಿಯಬಹುದು.

ಹದ ಒಂದೇ ಆಗಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಚಪ್ಪಟೆಯಾದ ಸ್ಟೀಲ್ ತಟ್ಟೆಯ ಒಂದು ಅಂಚಿನ ಬಳಿ ಎರಡೂ ಹಿಟ್ಟಿನ ಒಂದೊಂದು ಚಮಚ ಅಕ್ಕಪಕ್ಕ ಇಟ್ಟು ತಟ್ಟೆಯನ್ನು ನಿಧಾನವಾಗಿ ಓರೆ ಮಾಡಬೇಕು. ಎರಡೂ ಒಟ್ಟಿಗೆ ಹೊರಟು, ಒಟ್ಟಿಗೆ ಕೆಳಗಿನ ಅಂಚು ಮುಟ್ಟಿದರೆ ಸರಿ. ಹಿಂದುಳಿದ ಹಿಟ್ಟಿಗೆ ಒಂದು ಚಿಕ್ಕ ಚಮಚ ಹಾಲು ಸೇರಿಸಿ ಮತ್ತೆ ನೋಡಬೇಕು. ಒಟ್ಟಾರೆ ಹದ ಇಡ್ಲಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ. ಇದರ ಜೊತೆಗೆ ಹಗುರತೆಯನ್ನೂ ನೋಡಿದೆ: ಒಂದು ಪುಟ್ಟ ಲೋಟದ ತುಂಬ ನೀರನ್ನು ತೂಗಿ, ಅದೇ ಲೋಟದ ತುಂಬ ಹಿಟ್ಟನ್ನು ತೂಗಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬೆಣ್ಣೆ ಕೇಕಿಗೆ 0.8ರಿಂದ 0.9ರೊಳಗೆ ಬರಬೇಕು. ಬಿಳಿಯದು 0.86, ಕಪ್ಪು 0.88 ಬಂತು. ಕಪ್ಪು ಭಾಗವನ್ನು ಹೆಚ್ಚು ಕಲಕಿದಷ್ಟೂ ಗಾಳಿ ಹೋಗಿ ಅದು ಭಾರವಾಗುತ್ತದೆ, ಆದ್ದರಿಂದ ಕೋಕೊ ಮಿಶ್ರಣವನ್ನು ಕೈಸೌಟಿನಿಂದ ಮಡಚಿ ಮಡಚಿ ಸೇರಿಸಬೇಕು, ಬೀಟರ್ ಹಾಕಬಾರದು.

ಹಿಟ್ಟು ಕಲಸುವುದನ್ನು ಚುಟುಕಾಗಿ ಹೇಳುತ್ತೇನೆ. ಬೆಣ್ಣೆ 19–20 ಡಿಗ್ರಿಯಲ್ಲಿರಬೇಕು. ಬೆರಳು ಒತ್ತಿದರೆ ಗುರುತು ಬೀಳಬೇಕು, ಹೊಳಪು ಬಂದಿರಬಾರದು. ಏಪ್ರಿಲ್ ತಿಂಗಳ ಬೆಂಗಳೂರಿನ ಅಡುಗೆಮನೆಯಲ್ಲಿ ಅದು ಬೇಗನೆ ಹದ ಮೀರುತ್ತದೆ, ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷಕ್ಕೇ ಕೆಲಸ ಆರಂಭಿಸಿ. ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವವರೆಗೆ ಬೀಟ್ ಮಾಡಿ, ಮೊಟ್ಟೆಯನ್ನು ನಾಲ್ಕೈದು ಸಲವಾಗಿ ಸೇರಿಸಿ. ಮೊಸರು ಒಡೆದಂತೆ ಕಂಡರೆ ಒಂದು ಚಮಚ ಮೈದಾ ಹಾಕಿ. ಉಳಿದ ಮೈದಾ ಮಿಶ್ರಣವನ್ನೂ ಹಾಲನ್ನೂ ಒಂದಾದ ಮೇಲೊಂದು ಹಾಕಿ, ಪುಡಿ ಕಾಣದಂತಾದ ತಕ್ಷಣ ನಿಲ್ಲಿಸಿ. ಒಟ್ಟು ಸುಮಾರು 630 ಗ್ರಾಂ ಹಿಟ್ಟು ಬರುತ್ತದೆ. ಅದರಲ್ಲಿ 340 ಗ್ರಾಂ ಬಿಳಿಗೆ, ಉಳಿದ 290ಕ್ಕೆ 53 ಗ್ರಾಂ ಕೋಕೊ ಮಿಶ್ರಣ. ಹೀಗೆ ಹಂಚಿದರೆ ಕೊನೆಯಲ್ಲಿ ಎರಡೂ ತೂಕದಲ್ಲಿ ಸಮ. ಹಿಟ್ಟನ್ನು ಅರ್ಧರ್ಧ ಮಾಡಿ ಆಮೇಲೆ ಕೋಕೊ ಸೇರಿಸುವವರಿಗೆ ಕಪ್ಪು ಯಾವಾಗಲೂ ಹೆಚ್ಚಾಗುತ್ತದೆ.

ಟಿನ್ ತುಂಬುವುದು

ಮೇಲ್ಮೈಯಲ್ಲಿ ಎಂಟರ ಆಕಾರದಲ್ಲಿ ಕಡ್ಡಿ ಓಡಿಸಿದರೆ ಹಿಟ್ಟು ಅಡ್ಡಡ್ಡ ಸರಿಯುತ್ತದೆ. ಸುಳಿಗಳೆಲ್ಲ ಮಲಗಿರುತ್ತವೆ. ಚಾಕು ಮೇಲಿನಿಂದ ಕೆಳಕ್ಕೆ ಇಳಿದಾಗ ಮಲಗಿದ ಸುಳಿ ಒಂದು ಅಡ್ಡಗೆರೆಯಂತೆ ಕಾಣುತ್ತದೆ ಅಷ್ಟೆ. ಹೋಳಿನಲ್ಲಿ ಸುಳಿ ಕಾಣಬೇಕಾದರೆ ಹಿಟ್ಟು ತಳದಿಂದ ಮೇಲಕ್ಕೆ ಮಗುಚಿಕೊಳ್ಳಬೇಕು.

ಮೂರು ಬಗೆಯಲ್ಲಿ ತುಂಬಿ ನೋಡಿದೆ. ನಡುವೆ ಒಂದು ಚಮಚ ಬಿಳಿ, ಅದರ ಮೇಲೆ ಒಂದು ಚಮಚ ಕಪ್ಪು, ಮತ್ತೆ ಬಿಳಿ ಎಂದು ಸುರಿಯುತ್ತ ಹೋಗುವ ಜೀಬ್ರಾ ಕ್ರಮದಲ್ಲಿ ಹಿಟ್ಟು ತಾನೇ ಹರಡಿ ಉಂಗುರಗಳಾಗುತ್ತದೆ. ಹೋಳಿನಲ್ಲಿ ಬಾಗಿದ ಪಟ್ಟೆಗಳು ಬಹಳ ಸೊಗಸು, ಆದರೆ ಅದು ಅಮೃತಶಿಲೆಯ ಗೆರೆಯಲ್ಲ, ಎಲ್ಲ ಪಟ್ಟೆಗಳೂ ಒಂದೇ ದಪ್ಪ. ಇನ್ನೊಂದು, ಅರ್ಧ ಟಿನ್ ಬಿಳಿ ತುಂಬಿ ಮೇಲೆ ಕಪ್ಪು ಸುರಿದು ಕಡ್ಡಿ ತಿರುಗಿಸುವುದು. ಕೆಳಗಿನ ಬಿಳಿ ಬಹುಪಾಲು ಬಿಳಿಯಾಗಿಯೇ ಉಳಿಯಿತು. ಇಂಥ ಕೇಕನ್ನು ಅಡ್ಡಡ್ಡ ಎರಡಾಗಿ ಸೀಳಿದರೆ ಕೆಳಪದರ ವೆನಿಲ್ಲಾ, ಮೇಲ್ಪದರ ಚಾಕೊಲೇಟ್, ಮಾರ್ಬಲ್ ಎಲ್ಲಿಯೂ ಇಲ್ಲ.

ನಾನು ಆರಿಸಿಕೊಂಡದ್ದು ಮೂರನೆಯದನ್ನು. ದೊಡ್ಡ ಚಮಚದಲ್ಲಿ ಕಪ್ಪು ಬಿಳಿ ಮುದ್ದೆಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಇಡುವುದು. ಎರಡನೆಯ ಸುತ್ತಿನಲ್ಲಿ ಕಪ್ಪಿನ ಮೇಲೆ ಬಿಳಿ, ಬಿಳಿಯ ಮೇಲೆ ಕಪ್ಪು. ಮುದ್ದೆಗಳು ಒಂದೇ ಗಾತ್ರ ಇರಬಾರದು. ಒಂದು ದೊಡ್ಡದು, ಒಂದು ಚಿಕ್ಕದು, ಹಾಗೆ ಬೇಕೆಂದೇ ಏರುಪೇರು ಮಾಡಿದೆ. ಆಮೇಲೆ ಊಟದ ಚಮಚವನ್ನು ಗೋಡೆಯ ಬದಿಯಲ್ಲಿ ನೇರ ತಳದವರೆಗೆ ಇಳಿಸಿ, ತಳದ ಹಿಟ್ಟನ್ನು ಎತ್ತಿ ನಡುವಿನ ಕಡೆಗೆ ಮಗುಚಿದೆ. ಟಿನ್ನನ್ನು ಕಾಲುಸುತ್ತು ತಿರುಗಿಸಿ ಮತ್ತೆ ಒಂದು, ಹೀಗೆ ನಾಲ್ಕು ದಿಕ್ಕಿನಿಂದ. ಕೊನೆಗೆ ನಡುವೆ ಒಂದು. ಐದೇ ಮಗುಚು. ಕೈ ತಡೆಯುವುದಿಲ್ಲ, ಇನ್ನೊಂದು ಮಾಡೋಣ ಎನಿಸುತ್ತದೆ; ಮಾಡಬಾರದು. ಆರನೆಯದರಿಂದ ಗೆರೆಯ ಅಂಚು ಮಸುಕಾಗತೊಡಗುತ್ತದೆ, ಹತ್ತಾದರೆ ಇಡೀ ಕೇಕ್ ತಿಳಿ ಕಂದು ಬಣ್ಣಕ್ಕೆ ತಿರುಗಿ ಎರಡು ರುಚಿಯೂ ಕಳೆದುಹೋಗುತ್ತದೆ. ಟಿನ್ನನ್ನು ಮೇಜಿಗೆ ಒಂದು ಸಲ ತಟ್ಟಿ ಒಳಗೆ ಸಿಕ್ಕಿಕೊಂಡ ದೊಡ್ಡ ಗುಳ್ಳೆಯನ್ನು ಬಿಡಿಸಿದರೆ ಸಾಕು.

ಪಂಚೆಯ ಪಟ್ಟಿ

ಟಿನ್ನಿನ ಲೋಹದ ಗೋಡೆ ಬೇಗ ಕಾಯುವುದರಿಂದ ಅಂಚಿನ ಹಿಟ್ಟು ಮೊದಲು ಬೆಂದು ನಿಲ್ಲುತ್ತದೆ, ನಡುವಿನದು ಆಮೇಲೂ ಏರುತ್ತ ಗುಡ್ಡವಾಗುತ್ತದೆ. ಪದರದ ಕೇಕಿಗೆ ಗುಡ್ಡ ಬೇಡ. ಏರುವಾಗ ಗೆರೆಗಳೂ ನಡುವಿನ ಕಡೆಗೆ ಎಳೆದುಕೊಳ್ಳುತ್ತವೆ. ಟಿನ್ನಿನ ಸುತ್ತ ಒದ್ದೆ ಬಟ್ಟೆಯ ಪಟ್ಟಿ ಕಟ್ಟಿದರೆ ಅಂಚು ತಡವಾಗಿ ಕಾಯುತ್ತದೆ, ಕೇಕ್ ಮಟ್ಟಸವಾಗಿ ಏರುತ್ತದೆ. ಹಳೆಯ ಹತ್ತಿ ಪಂಚೆ ಇದಕ್ಕೆ ಅತ್ಯುತ್ತಮ. ಕತ್ತರಿ ಹಿಡಿದಾಗ ಮನೆಯವಳು, "ರೀ, ಅದು ಹಬ್ಬಕ್ಕೆ ತಂದದ್ದು, ಅಟ್ಟದ ಮೇಲಿನ ಗಂಟಿನಲ್ಲಿ ಹಳೆಯದಿದೆ ನೋಡಿ" ಎಂದು ಸರಿಯಾದದ್ದನ್ನು ತೆಗೆದುಕೊಟ್ಟಳು. ಐದು ಸೆಂ.ಮೀ. ಅಗಲದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಸುತ್ತಿ ಸ್ಟೀಲ್ ಪಿನ್ ಹಾಕಿದೆ. ಪಟ್ಟಿಯ ತುದಿ ಕಾಯಿಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ದಾರ, ಪಾಲಿಯೆಸ್ಟರ್ ಬಟ್ಟೆ ಕೂಡದು.

ಮೇಲೆ ಕೆಳಗೆ ಎರಡೂ ಕಾಯಿಲ್ ಹಾಕಿ 170ರಲ್ಲಿ ಸುಮಾರು 38 ನಿಮಿಷ. ಇಪ್ಪತ್ತೈದು ನಿಮಿಷದವರೆಗೆ ಬಾಗಿಲು ತೆರೆಯಲಿಲ್ಲ. ಹಿಂದಿನ ಎಡ ಮೂಲೆಯ ಬಿಸಿಗಾಗಿ ಆಮೇಲೆ ಒಂದೇ ಸಲ ಟಿನ್ ತಿರುಗಿಸಿದೆ. ಎರಡನೆಯ ಟಿನ್ ಬೇಯುವಾಗ ಸಂಜೆಯ ಮಳೆಗೆ ಕರೆಂಟ್ ಹೋಯಿತು. 1600 ವ್ಯಾಟಿನ ಒಲೆ ಸುಮಾರು 7 ಆಂಪಿಯರ್ ಎಳೆಯುತ್ತದೆ, ಮನೆಯ ಯುಪಿಎಸ್ ಅದಕ್ಕಲ್ಲ. ಇಂಥ ಹೊತ್ತಿನಲ್ಲಿ ಬಾಗಿಲು ಮುಟ್ಟದೆ ಸುಮ್ಮನಿರುವುದೇ ಕೆಲಸ. ಮೀಟರ್ ನೋಡುತ್ತ ಕುಳಿತೆ. ಕರೆಂಟ್ ಮರಳುವಷ್ಟರಲ್ಲಿ ಒಳಗಿನ ಉಷ್ಣತೆ 141ಕ್ಕೆ ಇಳಿದಿತ್ತು, ಅದಕ್ಕಿಂತ ಕೆಳಗೆ ಹೋಗದಿರಲು ಆ ಗ್ರಾನೈಟ್ ತುಂಡೇ ಕಾರಣ. ಹಿಟ್ಟು ಅದಾಗಲೇ ಗಟ್ಟಿಯಾಗಿದ್ದರಿಂದ ಕೇಕ್ ಕುಸಿಯಲಿಲ್ಲ, ಆರು ನಿಮಿಷ ಹೆಚ್ಚು ಬೇಯಿಸಬೇಕಾಯಿತು.

ಬೆಂದಿದೆಯೇ ಎಂದು ತಿಳಿಯಲು ಕಡ್ಡಿ ಚುಚ್ಚುವುದು ಸರಿಯೇ, ಆದರೆ ಕಪ್ಪು ಭಾಗದ ತೇವ ಕಡ್ಡಿಗೆ ಅಂಟಿ ಮೋಸ ಮಾಡುತ್ತದೆ. ಥರ್ಮೊಕಪಲ್ ತುದಿಯನ್ನು ನಡುವಿಗೆ ಚುಚ್ಚಿ 94–95 ಬಂದಾಗ ತೆಗೆದೆ. ನೀರೇ 97ರಲ್ಲಿ ಕುದಿಯುವ ಊರಿನಲ್ಲಿ 98 ಬರಲಿ ಎಂದು ಕಾದರೆ ಕೇಕ್ ಒಣಗುತ್ತದೆ. ಹತ್ತು ನಿಮಿಷ ಟಿನ್ನಿನಲ್ಲಿ, ಆಮೇಲೆ ತಂತಿ ಜಾಲರಿಯ ಮೇಲೆ, ಪೂರ್ತಿ ಆರಿದ ಮೇಲೆ ಸುತ್ತಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ.

ಸೀಳುವುದು, ಜೋಡಿಸುವುದು

ತಣ್ಣಗಿನ ಕೇಕ್ ಪುಡಿಯಾಗದೆ ಸೀಳುತ್ತದೆ. ಕಣ್ಣಂದಾಜಿನಲ್ಲಿ ಕೊಯ್ದರೆ ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ನಾಲ್ಕನೆಯದನ್ನು ಇಡುವ ಹೊತ್ತಿಗೆ ಕೇಕ್ ವಾಲುತ್ತದೆ. 20 ಮಿ.ಮೀ. ದಪ್ಪದ ಎರಡು ಅಲ್ಯುಮಿನಿಯಂ ಪಟ್ಟಿಗಳನ್ನು ಸೋಪಿನಲ್ಲಿ ತೊಳೆದು, ಕೇಕಿನ ಎರಡು ಬದಿಗೆ ಇಟ್ಟು, ಉದ್ದನೆಯ ಬ್ರೆಡ್ ಚಾಕುವನ್ನು ಎರಡೂ ಪಟ್ಟಿಗಳ ಮೇಲೆ ಒರಗಿಸಿ ನಿಧಾನವಾಗಿ ಗರಗಸದಂತೆ ಆಡಿಸಿದೆ. ಕೆಳಪದರ ನಿಖರವಾಗಿ 20 ಮಿ.ಮೀ. ಮೇಲಿನ ಭಾಗವನ್ನು ಮತ್ತೆ ಪಟ್ಟಿಗಳ ನಡುವೆ ಇಟ್ಟು ಅದರ ಉಬ್ಬನ್ನು ತೆಳುವಾಗಿ ತೆಗೆದೆ. ಎರಡು ಕೇಕಿನಿಂದ ನಾಲ್ಕು ಪದರ, ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಹಿಡಿದು ನೋಡಿದರೆ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇರಲಿಲ್ಲ. ಈ ಪಟ್ಟಿಗಳ ಬದಲಿಗೆ ಒಂದೇ ದಪ್ಪದ ಮರದ ರೀಪುಗಳಾದರೂ ಆಗುತ್ತದೆ.

ಬೆಣ್ಣೆ ಕೇಕ್ ಫ್ರಿಜ್ಜಿನಲ್ಲಿ ಗಟ್ಟಿಯಾಗುವುದರಿಂದ ಪ್ರತಿ ಪದರಕ್ಕೂ ಎರಡು ದೊಡ್ಡ ಚಮಚ ಸಕ್ಕರೆ ಪಾಕ ಸವರಬೇಕು. ಸಮ ತೂಕದ ಸಕ್ಕರೆ, ನೀರು, ಕುದಿಸಿ ಆರಿಸಿದ್ದು, ಅದರಲ್ಲಿ ಉಳಿದ ವೆನಿಲ್ಲಾ ಸಿಪ್ಪೆ. ನಮ್ಮ ಅಯ್ಯಂಗಾರ್ ಬೇಕರಿಗಳ ಹನಿ ಕೇಕ್ ಬಾಯಲ್ಲಿ ಕರಗುವುದು ಈ ಪಾಕದ ಬಲದಿಂದಲೇ. ಅಲ್ಲಿಯಷ್ಟು ಧಾರಾಳವಾಗಿ ಇಲ್ಲಿ ಹಾಕಬಾರದು, ಕಪ್ಪು ಬಣ್ಣ ಬಿಳಿಗೆ ಇಳಿಯುತ್ತದೆ.

ಪದರಗಳ ನಡುವೆ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿದ ಮಿಶ್ರಣ: 270 ಗ್ರಾಂ ಡಾರ್ಕ್ ಚಾಕೊಲೇಟ್, 160 ಗ್ರಾಂ ಕ್ರೀಮ್. ನಮ್ಮಲ್ಲಿ ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇ 25 ಮಾತ್ರ, ನೀರು ಹೆಚ್ಚು, ಆದ್ದರಿಂದ ಚಾಕೊಲೇಟಿನ ಪ್ರಮಾಣ ಹೆಚ್ಚಿರಬೇಕು. ಕಾಂಪೌಂಡ್ ಎಂದು ಬರೆದ ಗಟ್ಟಿಯಲ್ಲಿ ಕೋಕೊ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಅದು ನಾಲಿಗೆಯ ಮೇಲೆ ಮೇಣದ ಹಾಗೆ ಉಳಿಯುತ್ತದೆ. ಇಷ್ಟು ಶ್ರಮಪಟ್ಟ ಕೇಕಿಗೆ ಅದನ್ನು ಹಾಕಲು ನನಗೆ ಮನಸ್ಸಿಲ್ಲ.

ಹೊರಮೈಗೆ ಸ್ವಿಸ್ ಬಟರ್‌ಕ್ರೀಮ್. 100 ಗ್ರಾಂ ಮೊಟ್ಟೆಯ ಬಿಳಿ, 180 ಸಕ್ಕರೆ ಎರಡನ್ನೂ ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ಕಲಕುತ್ತ 71 ಡಿಗ್ರಿಗೆ ತರಬೇಕು, ಆ ಉಷ್ಣತೆಯಲ್ಲಿ ಹಸಿ ಮೊಟ್ಟೆಯ ಭಯ ಇರುವುದಿಲ್ಲ. ಇಳಿಸಿ, ಪಾತ್ರೆ ಪೂರ್ತಿ ತಣಿಯುವವರೆಗೆ ಬೀಟ್ ಮಾಡಿ, 280 ಗ್ರಾಂ ತಂಪಾದ ಮೆದು ಬೆಣ್ಣೆಯನ್ನು ತುಂಡು ತುಂಡಾಗಿ ಸೇರಿಸಿದರೆ ರೇಷ್ಮೆಯಂಥ ಕ್ರೀಮ್. ಮಧ್ಯದಲ್ಲಿ ನೀರೊಡೆದಂತೆ ಕಂಡರೂ ಬೀಟರ್ ನಿಲ್ಲಿಸಬಾರದು, ಕೂಡಿಕೊಳ್ಳುತ್ತದೆ. ಮೂರನೆಯ ಒಂದು ಭಾಗಕ್ಕೆ ಕರಗಿಸಿ ಆರಿಸಿದ 40 ಗ್ರಾಂ ಚಾಕೊಲೇಟ್ ಬೆರೆಸಿದೆ. ಹಳದಿ ಭಾಗ ಮಾರನೆಯ ದಿನದ ಆಮ್ಲೆಟ್ಟಿಗೆ ಹೋಯಿತು.

ತಿರುಗುವ ಪೀಠವನ್ನು ನಾನೇ ಮಾಡಿಕೊಂಡಿದ್ದೇನೆ: ಗುಜರಿಯ ಥ್ರಸ್ಟ್ ಬೇರಿಂಗ್, ಕೆಳಗೆ ಭಾರವಾದ ಕಬ್ಬಿಣದ ತಟ್ಟೆ, ಮೇಲೆ 25 ಸೆಂ.ಮೀ. ಪ್ಲೈವುಡ್, ಅದರ ಮೇಲೆ ಸ್ಟೀಲ್ ತಟ್ಟೆ. ಬೇರಿಂಗಿನ ಹಳೆಯ ಗ್ರೀಸನ್ನು ಪೂರ್ತಿ ತೊಳೆದು ತೆಂಗಿನೆಣ್ಣೆಯ ಒಂದು ಹನಿ ಬಿಟ್ಟಿದ್ದೇನೆ. ಮೊದಲು ಬಿಳಿ ಕ್ರೀಮಿನ ತೆಳುವಾದ ಒಂದು ಕೋಟ್, ಅರ್ಧ ಗಂಟೆ ಫ್ರಿಜ್. ಆಮೇಲೆ ಬಿಳಿಯನ್ನೂ ಕಂದನ್ನೂ ಅಲ್ಲಲ್ಲಿ ತೇಪೆ ತೇಪೆಯಾಗಿ ಹಚ್ಚಿ, ಸ್ಟೀಲ್ ಸ್ಕೇಲನ್ನು ನೆಟ್ಟಗೆ ಹಿಡಿದು ಪೀಠ ತಿರುಗಿಸಿದಾಗ ಬಣ್ಣಗಳು ಎಳೆದುಕೊಂಡು ಕಲ್ಲಿನ ಪದರದಂತೆ ಕಂಡವು. ಇಲ್ಲಿಯೂ ಮೂರು ಸುತ್ತಿಗಿಂತ ಹೆಚ್ಚು ಬೇಡ, ಪ್ರತಿ ಸುತ್ತಿಗೂ ಸ್ಕೇಲ್ ಒರೆಸಬೇಕು.

ಬನಶಂಕರಿಯಿಂದ ಜಾಲಹಳ್ಳಿಗೆ

ಬಟರ್‌ಕ್ರೀಮ್ 30 ಡಿಗ್ರಿ ದಾಟಿದರೆ ಮೆತ್ತಗಾಗಿ ಜಾರತೊಡಗುತ್ತದೆ. ನಮ್ಮ ಮನೆ ಬನಶಂಕರಿಯಲ್ಲಿ, ಅಕ್ಕನ ಮನೆ ಜಾಲಹಳ್ಳಿಯಲ್ಲಿ. ರಸ್ತೆಯಲ್ಲಿ ಹೋದರೆ ಹಂಪು, ಗುಂಡಿ, ಸಿಗ್ನಲ್. ಹಸಿರು ಮಾರ್ಗದ ಮೆಟ್ರೊದಲ್ಲಿ ಎರಡೂ ನಿಲ್ದಾಣಗಳು ಒಂದೇ ಗೆರೆಯ ಮೇಲಿವೆ, ಬೋಗಿ ಹವಾನಿಯಂತ್ರಿತ, ಕುಲುಕಾಟ ಇಲ್ಲ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದ ಕೇಕನ್ನು ಗಟ್ಟಿ ರಟ್ಟಿನ ತಳಕ್ಕೆ ಒಂದಿಷ್ಟು ಗನಾಶ್ ಹಚ್ಚಿ ಕೂರಿಸಿದ್ದೆ. ಪೆಟ್ಟಿಗೆಯ ಒಳಗೆ ಜಾರದ ರಬ್ಬರ್ ಹಾಳೆ. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ, ಅದನ್ನು ಲೆಕ್ಕಕ್ಕಿಟ್ಟುಕೊಂಡು ಜನ ಕಡಿಮೆ ಇರುವ ಹೊತ್ತಿಗೆ ಹೊರಟೆ. ಸ್ಕ್ಯಾನರಿನ ಬೆಲ್ಟಿನ ಮೇಲೆ ಪೆಟ್ಟಿಗೆಯನ್ನು ನೆಟ್ಟಗೆ ಇಡುವುದೊಂದೇ ಎಚ್ಚರ ವಹಿಸಬೇಕಾದ ಜಾಗ. "ಸ್ವಲ್ಪ ನಿಧಾನ, ಕೇಕ್ ಇದೆ" ಎಂದಾಗ ಅಲ್ಲಿದ್ದ ಭದ್ರತಾ ಸಿಬ್ಬಂದಿ ತಾವೇ ಆಚೆ ಬದಿಗೆ ಹೋಗಿ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟರು.

ಕತ್ತರಿಸುವ ಒಂದು ಗಂಟೆ ಮೊದಲು ಕೇಕನ್ನು ಹೊರಗಿಡಬೇಕು, ಇಲ್ಲವಾದರೆ ಬೆಣ್ಣೆ ಗಟ್ಟಿಯಾಗಿದ್ದು ರುಚಿ ತೆರೆಯುವುದಿಲ್ಲ. ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ ಒರೆಸಿ, ಒಂದೊಂದು ಹೋಳಿಗೂ ಮತ್ತೆ ಒರೆಸಿ ಕತ್ತರಿಸಿದೆವು. ಮೊದಲ ಹೋಳಿನಲ್ಲಿ ಎರಡು ಪದರದಲ್ಲಿ ತಳದಿಂದ ಎದ್ದ ಕಪ್ಪು ನಾಲಿಗೆ ಬಿಳಿಯನ್ನು ಸುತ್ತಿಕೊಂಡು ಮೇಲಿನವರೆಗೆ ಹೋಗಿತ್ತು. ಮೂರನೆಯ ಪದರದಲ್ಲಿ ಗೆರೆ ತೆಳು, ನಾಲ್ಕನೆಯದರಲ್ಲಿ ದೊಡ್ಡದೊಂದು ಬಿಳಿಯ ದ್ವೀಪ. ಅಂಚಿನ ಕಡೆಯ ಹೋಳುಗಳು ನಡುವಿನವಕ್ಕಿಂತ ಚೆನ್ನಾಗಿ ಬಂದಿವೆ; ಚಮಚ ಇಳಿದದ್ದು ಅಂಚಿನಲ್ಲಿ ಅಲ್ಲವೇ. 23 ಸೆಂ.ಮೀ.ಗಿಂತ ದೊಡ್ಡ ಟಿನ್ನಾದರೆ ನಡುವೆ ಒಂದರ ಬದಲು ಎರಡು ಮಗುಚು ಕೊಡಬೇಕು. ಹುಡುಗಿ ಮುಳ್ಳುಚಮಚದಲ್ಲಿ ಬಿಳಿಯನ್ನು ಬೇರೆ, ಕಪ್ಪನ್ನು ಬೇರೆ ತಿಂದು ನೋಡಿ, "ಗೊತ್ತಾಗುತ್ತದೆ ಮಾಮ" ಎಂದಳು.

ಅಕ್ಕನ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಪಾತ್ರೆಯಲ್ಲಿ ಇದನ್ನು ಮಾಡಬಹುದೇ ಎಂದು ಕೇಳಿದಳು. ಮಾಡಬಹುದು: 15 ಸೆಂ.ಮೀ. ಟಿನ್ನಿಗೆ ಮೇಲಿನ ಅಳತೆಯ ಅರ್ಧ ಸಾಕು. ಪಾತ್ರೆಯ ತಳಕ್ಕೆ ಒಂದು ಸೆಂ.ಮೀ. ಉಪ್ಪು, ಅದರ ಮೇಲೆ ಒಂದು ಸ್ಟ್ಯಾಂಡ್, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ, ಟಿನ್ ಇಟ್ಟ ಮೇಲೆ ಅತಿ ಸಣ್ಣ ಉರಿ. ಬಿಸಿ ಹೆಚ್ಚಾಗಿ ಕೆಳಗಿನಿಂದ ಬರುವುದರಿಂದ ಮೇಲ್ಭಾಗ ಕೆಂಪಗಾಗುವುದಿಲ್ಲ, ಕ್ರೀಮ್ ಬಳಿಯುವ ಕೇಕಿಗೆ ಅದು ತೊಂದರೆಯೂ ಅಲ್ಲ. ಮುಚ್ಚಳದ ಒಳಗೆ ಕಟ್ಟುವ ಹಬೆ ತೊಟ್ಟಿಕ್ಕದಂತೆ ಮುಚ್ಚಳಕ್ಕೆ ಒಂದು ಒಣ ಬಟ್ಟೆ ಸುತ್ತಿ, ತುದಿಗಳನ್ನು ಉರಿಗೆ ತಾಗದಂತೆ ಮೇಲೆ ಗಂಟು ಹಾಕಬೇಕು. ಪಂಚೆಯ ಪಟ್ಟಿ ಇಲ್ಲಿ ಬೇಕಾಗುವುದಿಲ್ಲ. ಚಮಚದ ಮಗುಚು ಮಾತ್ರ ಅದೇ, ಚಿಕ್ಕ ಟಿನ್ನಾದ್ದರಿಂದ ಐದರ ಬದಲು ಮೂರು.